ಎಲ್ಲರೂ ಒಂದು ಕಲ್ಲನ್ನು ಕಾಯ್ತಿದ್ದಾಗ ಬಂದ ಇನ್ನೊಂದು ಕಲ್ಲು

2012ರ ಡಿಸೆಂಬರ್ 21 ನೆನಪಿದೆಯಾ? ಅವತ್ತು ಶುಕ್ರವಾರ. ಅವತ್ತೇ ಪ್ರಪಂಚ ಮುಳುಗಬೇಕಿತ್ತು. ಮಾಯನ್ ಕ್ಯಾಲೆಂಡರ್ ಮುಗಿಯುತ್ತೆ, ನಿಬಿರು ಅನ್ನೋ ಗ್ರಹ ಬಂದು ಅಪ್ಪಳಿಸುತ್ತೆ, ಪ್ರಳಯ ಗ್ಯಾರಂಟಿ ಅಂತ ವಾರಗಟ್ಟಲೆ ಟಿವಿಯಲ್ಲಿ ಕಾರ್ಯಕ್ರಮ. ಬೆಂಕಿ ಉಂಡೆಯ ಗ್ರಾಫಿಕ್ಸ್, ಎದೆ ನಡುಗಿಸೋ ಮ್ಯೂಸಿಕ್, ಪಕ್ಕದಲ್ಲಿ ಒಬ್ಬ ಜ್ಯೋತಿಷಿ. ಯಾರೋ ಬೇರೆಯವರು ಮಾಡಿದ್ದು ಅಂತ ನಾನು ಜಾರಿಕೊಳ್ಳೋಕಾಗಲ್ಲ. ನಾನೂ ಇದೇ ಕಸುಬಿನವನು. ಟಿಆರ್‌ಪಿ ಬಂತು, ಪ್ರಳಯ ಬರಲಿಲ್ಲ. ಮರುದಿನ ಬೆಳಗ್ಗೆ ಎಂದಿನ ಹಾಗೆ ಹಾಲಿನವನು ಬಂದ, ಪೇಪರಿನವನು ಬಂದ. ಎಲ್ಲರೂ ನಕ್ಕು ಮರೆತರು.

ಅಲ್ಲಿಂದ ಸರಿಯಾಗಿ ಎಂಟು ವಾರ. 2013ರ ಫೆಬ್ರವರಿ 15. ಅದೂ ಶುಕ್ರವಾರವೇ.

ಅವತ್ತು ಜಗತ್ತಿನ ಖಗೋಳ ವಿಜ್ಞಾನಿಗಳು ಒಬ್ಬ ಅತಿಥಿಗಾಗಿ ಕಾಯುತ್ತಿದ್ದರು. 2012 ಡಿಎ14 ಅನ್ನೋ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 27,700 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿತ್ತು. ಇದು ಎಷ್ಟು ಹತ್ತಿರ ಗೊತ್ತಾ? ನೀವು ನೋಡೋ ಟಿವಿ ಚಾನೆಲ್‌ಗಳ ಸಿಗ್ನಲ್ ಹೊತ್ತು ತರುವ ಉಪಗ್ರಹಗಳು ಇರೋದೇ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅವುಗಳಿಗಿಂತಲೂ ಕೆಳಗೆ ಬಂದು ಹೋಗುವ ಕಲ್ಲು ಅದು. ಡಿಕ್ಕಿ ಹೊಡೆಯಲ್ಲ ಅಂತ ಮೊದಲೇ ಲೆಕ್ಕ ಹಾಕಿದ್ದರು. ಟೆಲಿಸ್ಕೋಪ್‌ಗಳು ಸಜ್ಜಾಗಿದ್ದವು.

ಆ ಅತಿಥಿ ಬರೋದಕ್ಕೆ ಇನ್ನೂ ಹದಿನಾರು ಗಂಟೆ ಇದ್ದಾಗ, ಯಾರೂ ಕರೆಯದ ಇನ್ನೊಬ್ಬ ಬಂದುಬಿಟ್ಟ.

ರಷ್ಯಾದ ಚೆಲ್ಯಾಬಿನ್‌ಸ್ಕ್ ನಗರ. ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮೈ ಕೊರೆಯುವ ಚಳಿ. ಆಕಾಶದಲ್ಲಿ ಸೂರ್ಯನನ್ನೂ ಮಂಕಾಗಿಸುವಂಥ ಬೆಳಕಿನ ಗೆರೆ. ಸುಮಾರು 20 ಮೀಟರ್ ಅಗಲದ, ಹತ್ತು ಸಾವಿರ ಟನ್‌ಗೂ ಮಿಕ್ಕಿ ತೂಕದ ಬಂಡೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ನುಗ್ಗಿ ಬಂದು, ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಹಿರೋಷಿಮಾ ಬಾಂಬಿನ ಸುಮಾರು 30 ಪಟ್ಟು ಶಕ್ತಿ. ಅಷ್ಟು ಎತ್ತರದಲ್ಲಿ ಸಿಡಿದಿದ್ದೇ ಪುಣ್ಯ.

ಬೆಳಕು ಮೊದಲು ಬಂತು. ಜನ ಏನು ಮಾಡಿದರು? ನಾವೂ ನೀವೂ ಮಾಡೋದನ್ನೇ. ಏನದು ಅಂತ ಕಿಟಕಿ ಹತ್ತಿರ ಓಡಿದರು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಸದ್ದಿಲ್ಲ. ಆಮೇಲೆ ಬಂತು ಆಘಾತದ ಅಲೆ. ಸಾವಿರಾರು ಕಟ್ಟಡಗಳ ಗಾಜು ಒಡೆದು ಮುಖಕ್ಕೇ ಹಾರಿತು. ಸುಮಾರು 1,500 ಜನ ಆಸ್ಪತ್ರೆಗೆ ಹೋದರು, ಹೆಚ್ಚಿನವರಿಗೆ ಗಾಜಿನದೇ ಗಾಯ. ಒಬ್ಬ ಶಿಕ್ಷಕಿ ಮಾತ್ರ ಬೆಳಕು ಕಂಡ ಕೂಡಲೇ ಮಕ್ಕಳನ್ನೆಲ್ಲ ಡೆಸ್ಕ್ ಕೆಳಗೆ ನುಗ್ಗಿಸಿದರು. 44 ಮಕ್ಕಳಿಗೆ ಒಂದು ಗೀರೂ ಆಗಲಿಲ್ಲ. ಟೀಚರ್ ತೋಳಿಗೆ ಗಾಜು ಹೊಕ್ಕಿತು. ಅವತ್ತು ಅಲ್ಲಿ ಯಾರೂ ಸಾಯಲಿಲ್ಲ.

ಇಷ್ಟೆಲ್ಲ ವಿಜ್ಞಾನಿಗಳು ಅವತ್ತು ಆಕಾಶವನ್ನೇ ನೋಡ್ತಿದ್ದರಲ್ಲ, ಇದು ಯಾಕೆ ಕಾಣಲಿಲ್ಲ? ಅದು ಬಂದಿದ್ದು ಸೂರ್ಯನ ದಿಕ್ಕಿನಿಂದ. ಎದುರಿನಿಂದ ಹೈಬೀಮ್ ಹಾಕಿಕೊಂಡು ಲಾರಿ ಬರುವಾಗ ಅದರ ಪಕ್ಕ ಸೈಕಲ್ ಬಂದರೆ ಕಾಣುತ್ತಾ? ಹಾಗೇ ಇದೂ. ನೆಲದ ಮೇಲಿನ ದೂರದರ್ಶಕಗಳು ರಾತ್ರಿ ಆಕಾಶ ನೋಡುತ್ತವೆ. ಹಗಲಿನ ಕಡೆಯಿಂದ ಬರುವವನಿಗೆ ಕಾವಲೇ ಇಲ್ಲ.

ಆಕಾಶದಿಂದ ಬರೋ ಅಪಾಯ ಅಂದ ತಕ್ಷಣ ನಾವು ದೊಡ್ಡದನ್ನೇ ಯೋಚನೆ ಮಾಡ್ತೀವಿ. ನಕ್ಷತ್ರ ಸ್ಫೋಟ, ಕಪ್ಪುಕುಳಿ, ಸೂರ್ಯ ಉಬ್ಬಿ ಭೂಮಿಯನ್ನು ಸುಡೋದು. ಸೂರ್ಯನಿಗೆ ಇನ್ನೂ 500 ಕೋಟಿ ವರ್ಷ ಟೈಮಿದೆ, ಬಿಡಿ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಕಥೆ ಮುಗಿಸಿದ್ದು ಸುಮಾರು 10 ಕಿಲೋಮೀಟರ್ ಅಗಲದ ಬಂಡೆ. ಅಂಥ ದೈತ್ಯರು ದೂರದಿಂದಲೇ ಕಾಣುತ್ತಾರೆ. ಭೂಮಿಯ ಆಸುಪಾಸು ಸುಳಿಯುವ, ಒಂದು ಕಿಲೋಮೀಟರ್‌ಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಈಗಾಗಲೇ ಪತ್ತೆಯಾಗಿವೆ. ನಿದ್ದೆ ಕೆಡಿಸಬೇಕಾದವರು ಮಧ್ಯಮ ಗಾತ್ರದವರು. 140 ಮೀಟರ್‌ಗಿಂತ ದೊಡ್ಡವು ಸುಮಾರು 25 ಸಾವಿರ ಇರಬಹುದು ಅನ್ನೋ ಅಂದಾಜಿದೆ. ಅದರಲ್ಲಿ ಅರ್ಧದಷ್ಟೂ ಸಿಕ್ಕಿಲ್ಲ. ಒಂದೊಂದೂ ಒಂದು ರಾಜ್ಯವನ್ನು ಹಾಳುಮಾಡಬಲ್ಲ ಕಲ್ಲು.

2024ರ ಡಿಸೆಂಬರ್ 27ರಂದು ಚಿಲಿಯ ದೂರದರ್ಶಕವೊಂದು ಸುಮಾರು 60 ಮೀಟರ್‌ನ ಕಲ್ಲೊಂದನ್ನು ಪತ್ತೆ ಮಾಡಿತು. ಹೆಸರು 2024 ವೈಆರ್4. ತಮಾಷೆ ಅಂದ್ರೆ, ಅದು ನಮ್ಮ ಹತ್ತಿರ ಹಾದುಹೋಗಿ ಆಗಲೇ ಎರಡು ದಿನ ಆಗಿತ್ತು! 2032ರ ಡಿಸೆಂಬರ್ 22ರಂದು ಡಿಕ್ಕಿ ಹೊಡೆಯುವ ಸಾಧ್ಯತೆ ಶೇಕಡಾ 1 ಅಂದರು. ಆಮೇಲೆ 2 ಅಂದರು. 2025ರ ಫೆಬ್ರವರಿ 18ಕ್ಕೆ 3.1. ಬೀಳಬಹುದಾದ ಪಟ್ಟಿಯಲ್ಲಿ ಅರಬ್ಬೀ ಸಮುದ್ರವೂ ಇತ್ತು, ದಕ್ಷಿಣ ಏಷ್ಯಾವೂ ಇತ್ತು. ಮುಂದಿನ ಕೆಲವೇ ದಿನಗಳಲ್ಲಿ ಅದೇ ಸಂಖ್ಯೆ ಹತ್ತಿರಹತ್ತಿರ ಸೊನ್ನೆ ಆಯಿತು. ವಿಜ್ಞಾನಿಗಳು ಬಾಯಿಗೆ ಬಂದಂಗೆ ಹೇಳ್ತಾರೆ ಅಂತ ಕೆಲವರು ನಕ್ಕರು.

ಇಲ್ಲ, ಅವರು ಸರಿಯಾಗೇ ಹೇಳಿದ್ದರು. ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ಡಿಆರ್‌ಎಸ್ ನೋಡ್ತೀರಲ್ಲ. ಬಾಲ್ ಬೌಲರ್ ಕೈಯಿಂದ ಬಿಟ್ಟ ಮೊದಲ ಒಂದಡಿ ಮಾತ್ರ ಕಂಡರೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದು. ಆ ಅಗಲವಾದ ಜಾಗದಲ್ಲಿ ಸ್ಟಂಪ್ ಒಂದು ಸಣ್ಣ ಪಾಲು. ಬಾಲ್ ಇನ್ನಷ್ಟು ದೂರ ಕಂಡಂತೆ ಆ ಜಾಗ ಕಿರಿದಾಗುತ್ತೆ. ಸ್ಟಂಪ್ ಇನ್ನೂ ಅದರೊಳಗೇ ಇದ್ದರೆ ಅದರ ಪಾಲು ಹೆಚ್ಚುತ್ತೆ, ಅಂದರೆ ಶೇಕಡಾವಾರು ಏರುತ್ತೆ. ಇನ್ನೂ ಕಿರಿದಾದಾಗ ಸ್ಟಂಪ್ ಹೊರಗೆ ಉಳಿದರೆ, ಒಂದೇ ಏಟಿಗೆ ನಾಟ್‌ಔಟ್. ಇಲ್ಲಿ ಸ್ಟಂಪ್ ಜಾಗದಲ್ಲಿ ಭೂಮಿ ಇತ್ತು, ಅಷ್ಟೇ.

ಸರಿ, ಔಟ್ ಅಂತಾದರೆ? ಅದಕ್ಕೂ ದಾರಿ ಇದೆ. ನಮ್ಮ ರೈಲ್ವೆ ಗೇಟ್ ನೆನಪು ಮಾಡಿಕೊಳ್ಳಿ. ಬಸ್ಸು ಐದು ನಿಮಿಷ ತಡವಾದರೆ ರೈಲು ದಾಟಿ ಹೋಗಿರುತ್ತೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತೆ. ತನ್ನ ಮೈಯಗಲದಷ್ಟು ದೂರ ದಾಟೋದಕ್ಕೆ ಅದಕ್ಕೆ ಬೇಕಾಗಿರೋದು ಏಳೇ ನಿಮಿಷ. ಆ ಕಲ್ಲು ಗೇಟಿಗೆ ಏಳು ನಿಮಿಷ ತಡವಾಗಿ ಬರುವ ಹಾಗೆ ಮಾಡಿದರೆ ಸಾಕು. ಹತ್ತಾರು ವರ್ಷ ಮೊದಲೇ ಗೊತ್ತಾದರೆ, ಇರುವೆ ನಡಿಗೆಯಷ್ಟು ವೇಗ ಬದಲಿಸಿದರೂ ಕೆಲಸ ಆಗುತ್ತೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಅನ್ನೋ ಸುಮಾರು 160 ಮೀಟರ್‌ನ ಕಲ್ಲಿಗೆ ಬೇಕಂತಲೇ ಹೋಗಿ ಗುದ್ದಿತು. ಆ ಕಲ್ಲು ತನ್ನ ದೊಡ್ಡಣ್ಣನಂಥ ಇನ್ನೊಂದು ಕಲ್ಲನ್ನು ಸುತ್ತೋದಕ್ಕೆ 11 ಗಂಟೆ 55 ನಿಮಿಷ ತಗೊಳ್ತಿತ್ತು. ಗುದ್ದಿದ ಮೇಲೆ ಅದು ಸುಮಾರು 32 ನಿಮಿಷ ಕಡಿಮೆಯಾಯಿತು. 73 ಸೆಕೆಂಡ್ ಬದಲಾದರೂ ಗೆದ್ದಂತೆ ಅಂದುಕೊಂಡಿದ್ದವರು ಅವರು!

ಅಂದರೆ ತಳ್ಳೋದು ಗೊತ್ತಾಯ್ತು. ಮೊದಲೇ ನೋಡೋದು ಬಾಕಿ ಇದೆ. ಅದಕ್ಕೆ ಎನ್‌ಇಒ ಸರ್ವೇಯರ್ ಅನ್ನೋ ಬಾಹ್ಯಾಕಾಶ ದೂರದರ್ಶಕ ತಯಾರಾಗ್ತಿದೆ. ಈ ಕಲ್ಲುಗಳಲ್ಲಿ ಬಹಳಷ್ಟು ಇದ್ದಿಲಿನಷ್ಟು ಕಪ್ಪು, ಬೆಳಕಲ್ಲಿ ಕಾಣಲ್ಲ. ಆದರೆ ಬಿಸಿಲಿಗೆ ಕಾದಿರುತ್ತವೆ. ಈ ಯಂತ್ರ ಆ ಕಾವನ್ನೇ ಹಿಡಿಯುತ್ತೆ. ಇರಿಸೋದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಹತ್ತಿರ, ನಮ್ಮ ಆದಿತ್ಯ ಎಲ್1 ಇರೋ ಕಡೆಯೇ. ಅಲ್ಲಿಂದ ಸೂರ್ಯನ ಆಸುಪಾಸಿನ ಆಕಾಶವನ್ನು ಇವತ್ತಿಗಿಂತ ಎಷ್ಟೋ ಚೆನ್ನಾಗಿ ಜಾಲಾಡಬಹುದು. 2026ಕ್ಕೆ ಹಾರಬೇಕಿದ್ದ ಅದು ಬಜೆಟ್ ಕಡಿತದಿಂದ ಹಿಂದೆ ಬಿತ್ತು. ಈಗ 2027ರ ಸೆಪ್ಟೆಂಬರ್‌ಗಿಂತ ಮೊದಲು ಇಲ್ಲ. ಕೊನೆಯ ಗಡುವು 2028. ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಕೂಡ 2024ರಲ್ಲಿ ಇದು ನಿಜವಾದ ಅಪಾಯ, ಭಾರತವೂ ಕೈಜೋಡಿಸಬೇಕು ಅಂದಿದ್ದರು. ಆ ಮಾತು ಎಷ್ಟು ಪ್ರೈಮ್ ಟೈಮ್‌ನಲ್ಲಿ ಬಂತು ಅಂತ ಕೇಳಬೇಡಿ.

2029ರ ಏಪ್ರಿಲ್ 13, ಮತ್ತೊಂದು ಶುಕ್ರವಾರ. ಅಪೋಫಿಸ್ ಅನ್ನೋ, ಮುನ್ನೂರು ಮೀಟರ್‌ಗೂ ದೊಡ್ಡ ಬಂಡೆ ನೆಲದಿಂದ ಸುಮಾರು 32 ಸಾವಿರ ಕಿಲೋಮೀಟರ್ ಮೇಲೆ ಹಾದುಹೋಗುತ್ತೆ. ಅದು ಬೀಳಲ್ಲ. ಇನ್ನು ನೂರು ವರ್ಷವಂತೂ ಬೀಳಲ್ಲ, ಲೆಕ್ಕ ಮುಗಿದಿದೆ. ಆದರೂ ಆ ವಾರ ಬೆಂಕಿ ಉಂಡೆ ಗ್ರಾಫಿಕ್ಸ್ ಮತ್ತೆ ಬರುತ್ತೆ, ಬಹುಶಃ ನಮ್ಮ ಸ್ಟುಡಿಯೋದಲ್ಲೂ. ಆಗ ಪಕ್ಕದಲ್ಲಿ ಕೂತ ಜ್ಯೋತಿಷಿಯನ್ನು ಬಿಡಿ. ಆ ಸರ್ವೇಯರ್ ಮೇಲೆ ಹೋಗಿದೆಯಾ, ಸೂರ್ಯನ ಕಡೆಯಿಂದ ಬರುವವರನ್ನು ಯಾರಾದರೂ ನೋಡ್ತಿದ್ದಾರಾ ಅಂತ ನಮಗೆ ಫೋನ್ ಮಾಡಿ ಕೇಳಿ.