ಕ್ರ್ಯಾಂಕ್ ಶಾಫ್ಟ್ ಮುರಿಯುವುದೇಕೆ, ಕೊಳ್ಳುವಾಗ ನೋಡಬೇಕಾದ್ದೇನು

ಕಬ್ಬು ಕಡಿಯುವ ಕಾಲ ಬಂತೆಂದರೆ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದ್ದೇ ಕಾರುಬಾರು. ಹಿಂದೆ ಹತ್ತು ಟನ್ ದಾಟಿದ ಹೇರು, ಗದ್ದೆಯಲ್ಲಿ ಕೆಸರು, ಅದನ್ನು ದಾಟಿದರೆ ನಾಲೆ ಏರಿ. ಎಳೆಯುವ ರಭಸಕ್ಕೆ ಮುಂದಿನ ಚಕ್ರ ನೆಲ ಬಿಟ್ಟು ಏಳುವುದನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ಅತ್ತ ನಾಗಮಂಗಲದ ಕಡೆ ಬಿರುಸಾದ ಕೆಂಪು ನೆಲವನ್ನು ಆಳಕ್ಕೆ ಉಳಬೇಕು. ಕಂಪನಿ ಕೊಟ್ಟ ಅಶ್ವಶಕ್ತಿ ಸಾಲದೆಂದು ಕೆಲವರು ಪಂಪ್ ಏರಿಸಿ ಹೆಚ್ಚು ಡೀಸೆಲ್ ಬಿಡುತ್ತಾರೆ, ಇನ್ನು ಕೆಲವರು ಟರ್ಬೊ ಕೂರಿಸುತ್ತಾರೆ. ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ಹೆಚ್ಚಿದ ಶಕ್ತಿಯೆಲ್ಲ ಒಂದೇ ಒಂದು ಲೋಹದ ದಂಡವನ್ನು ಹಾದು ಚಕ್ರಕ್ಕೆ ಹೋಗಬೇಕು. ಅದೇ ಕ್ರ್ಯಾಂಕ್ ಶಾಫ್ಟ್. ಅದು ಮುರಿದರೆ ಕನೆಕ್ಟಿಂಗ್ ರಾಡ್, ಪಿಸ್ಟನ್, ಕೆಲವೊಮ್ಮೆ ಬ್ಲಾಕ್ ಕೂಡ ಅದರ ಜೊತೆಗೇ ಹೋಗುತ್ತವೆ.

ಅದು ಹೊರುವ ಭಾರ ಎಷ್ಟು? 100 ಮಿಲಿಮೀಟರ್ ಅಗಲದ ಪಿಸ್ಟನ್ ಇದೆಯೆನ್ನಿ. ಡೀಸೆಲ್ ಹೊತ್ತಿಕೊಂಡ ಕ್ಷಣ ಒಳಗಿನ ಒತ್ತಡ 80 ಬಾರ್ ಇದ್ದರೆ ಆ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು ಆರೂವರೆ ಟನ್. ಟರ್ಬೊ ಹಾಕಿ ಒತ್ತಡವನ್ನು 130 ಬಾರ್‌ಗೆ ಏರಿಸಿದರೆ ಅದೇ ಬಲ ಹತ್ತು ಟನ್ ಮೀರುತ್ತದೆ. 2000 ಸುತ್ತಿನಲ್ಲಿ ಓಡುವ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ ನಿಮಿಷಕ್ಕೆ 1000 ಸಲ, ಗಂಟೆಗೆ 60,000 ಸಲ ಈ ಏಟು ಕೊಡುತ್ತದೆ. ಸುತ್ತು ಏರಿಸಿದಾಗ ಇನ್ನೊಂದು ಕಾಟ ಶುರುವಾಗುತ್ತದೆ: ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಜಡತ್ವದ ಬಲ ವೇಗದ ವರ್ಗದ ಅನುಪಾತದಲ್ಲಿ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಗಾಣ ತಿರುಗಿಸುತ್ತಿದ್ದ ಹಳೆಯ ಲಿಸ್ಟರ್ ಮಾದರಿಯ 6 ಅಶ್ವಶಕ್ತಿಯ ಇಂಜಿನ್ ನಿಮಿಷಕ್ಕೆ 650 ಸುತ್ತಷ್ಟೇ ತಿರುಗುತ್ತಿತ್ತು. ಅಂಥ ಇಂಜಿನ್ನುಗಳ ಕ್ರ್ಯಾಂಕ್ ದಶಕಗಟ್ಟಲೆ ಬಾಳಿದ್ದರಲ್ಲಿ ಆಶ್ಚರ್ಯವಿಲ್ಲ.

ಶಕ್ತಿ ಬೇಕೆಂದರೆ ಅದನ್ನು ತಡೆಯುವ ಲೋಹ ಮೊದಲು ಬೇಕು. ಇದು ಶ್ರೀರಂಗಪಟ್ಟಣಕ್ಕೆ ಹೊಸ ಪಾಠವೂ ಅಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟುಗಳು ಅಷ್ಟು ದೂರ ಹಾರಿದ್ದು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದ್ದರಿಂದ. ಕಾಗದದ ಕೊಳವೆ ಒಡೆಯುವಂಥ ಒತ್ತಡವನ್ನು ಕಬ್ಬಿಣ ತಡೆಯಿತು.

ಒಂದೇ ಏಟಿಗೆ ಕ್ರ್ಯಾಂಕ್ ಮುರಿಯುವುದು ಅಪರೂಪ. ಅದು ದಣಿದು ಮುರಿಯುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲಿನ ಅಚ್ಚು ತುಂಡಾಗಿ ದೊಡ್ಡ ಅನಾಹುತವಾದ ಮೇಲೆ ಎಂಜಿನಿಯರುಗಳು ಈ ವಿಷಯದ ಬೆನ್ನು ಹತ್ತಿದರು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ಲಕ್ಷಾಂತರ ಸಲ ಬಾಗಿಸಿ, ಒಮ್ಮೆ ಹೇರಿದರೆ ಏನೂ ಆಗದ ಭಾರವೇ ಮತ್ತೆ ಮತ್ತೆ ಬಿದ್ದಾಗ ಉಕ್ಕನ್ನು ಸೀಳುತ್ತದೆ ಎಂದು ತೋರಿಸಿದ. ಒಂದು ಮಿತಿಯ ಕೆಳಗೆ ಮಾತ್ರ ಉಕ್ಕು ಎಷ್ಟು ಏಟನ್ನಾದರೂ ತಾಳುತ್ತದೆ. ಪಂಪ್ ಏರಿಸಿದಾಗ ನಾವು ಆ ಮಿತಿಯನ್ನು ದಾಟುತ್ತೇವೆ. ಗಾಡಿ ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತದೆ. ಬಿರುಕು ಒಳಗೊಳಗೇ ಬೆಳೆಯುತ್ತಿರುತ್ತದೆ.

ಮುರಿದ ಕ್ರ್ಯಾಂಕನ್ನು ಗುಜರಿಗೆ ಹಾಕುವ ಮೊದಲು ಅದರ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಮೂಲೆಯಿಂದ ಹೊರಟ ನಯವಾದ ಭಾಗ, ಅದರಲ್ಲಿ ಕಮಾನಿನಂತೆ ಬಾಗಿದ ಸಾಲು ಗೆರೆಗಳು: ಬಿರುಕು ನಿಧಾನವಾಗಿ ಮುಂದುವರಿದ ಗುರುತು ಅದು. ಉಳಿದ ಕಡೆ ಒರಟು ಹರಳಿನಂಥ ಮೈ, ಅದು ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ಹರಿದದ್ದು. ಗೆರೆಗಳೆಲ್ಲ ಹಿಂದಕ್ಕೆ ಬೆರಳು ಮಾಡುವ ಜಾಗ ಬಹುಮಟ್ಟಿಗೆ ಒಂದೇ. ಬೇರಿಂಗ್ ಕೂರುವ ಉರುಟು ಜರ್ನಲ್ ಪಕ್ಕದ ಗೋಡೆಯನ್ನು ಸೇರುವ ಮೂಲೆ. ಆ ಮೂಲೆ ಚೂಪಾಗಿದ್ದಷ್ಟೂ ಒತ್ತಡ ಅಲ್ಲೇ ಒಟ್ಟಾಗುತ್ತದೆ. ಅದಕ್ಕೇ ಒಳ್ಳೆಯ ಕ್ರ್ಯಾಂಕಿನಲ್ಲಿ ಮೂಲೆಗೆ ಧಾರಾಳವಾದ ದುಂಡು ಕೊಟ್ಟಿರುತ್ತಾರೆ. ಉತ್ತಮ ದರ್ಜೆಯ ಹಲವು ಕ್ರ್ಯಾಂಕುಗಳಲ್ಲಿ ಆ ದುಂಡನ್ನು ಗಟ್ಟಿ ರೋಲರಿನಿಂದ ಒತ್ತಿ ಬಿಗಿಮಾಡಿರುತ್ತಾರೆ. ನನ್ನ ಪ್ರಕಾರ ಬ್ರಾಂಡಿಗಿಂತ ಮೊದಲು ನೋಡಬೇಕಾದ್ದು ಈ ಮೂಲೆಯನ್ನು.

ಆಮೇಲೆ ಲೋಹ. ಎರಕದ ಕ್ರ್ಯಾಂಕ್ ಅಗ್ಗ, ಸಾಮಾನ್ಯ ಕೆಲಸಕ್ಕೆ ಸಾಕು. ಹಿತ್ತಾಳೆ ಎರಕಕ್ಕೆ ಹೆಸರಾದ ನಾಗಮಂಗಲದ ವಿಗ್ರಹಗಳು ತಲೆಮಾರುಗಟ್ಟಲೆ ಉಳಿಯುತ್ತವೆ, ಏಕೆಂದರೆ ಅವುಗಳ ಮೇಲೆ ಗಂಟೆಗೆ ಅರವತ್ತು ಸಾವಿರ ಏಟು ಬೀಳುವುದಿಲ್ಲ. ಶಕ್ತಿ ಏರಿಸಿದ ಇಂಜಿನ್ನಿಗೆ ಕಾಯಿಸಿ ಬಡಿದು ರೂಪ ಕೊಟ್ಟ ಫೋರ್ಜ್ಡ್ ಕ್ರ್ಯಾಂಕೇ ಬೇಕು. ಬಡಿದಾಗ ಲೋಹದ ಎಳೆಗಳು ತಿರುವಿನ ಜೊತೆಗೇ ಬಾಗಿ ಹರಿಯುತ್ತವೆ. ಗುರುತು ಹಿಡಿಯುವುದು ಸುಲಭ: ಮೈಮೇಲೆ ಅಚ್ಚಿನ ಗೆರೆ ಕೂದಲಿನಷ್ಟು ಸಣ್ಣದಾಗಿದ್ದರೆ ಎರಕ, ಬೆರಳಗಲ ಉಜ್ಜಿದ ಪಟ್ಟಿಯಂತಿದ್ದರೆ ಫೋರ್ಜಿಂಗ್. ಉಕ್ಕಿನಲ್ಲೂ ದರ್ಜೆಗಳಿವೆ. ಇಎನ್ 8 ಸಾದಾ ಇಂಗಾಲದ ಉಕ್ಕು, ಇಎನ್ 19ರಲ್ಲಿ ಕ್ರೋಮಿಯಂ ಮತ್ತು ಮಾಲಿಬ್ಡಿನಂ, ಇಎನ್ 24ರಲ್ಲಿ ಅವುಗಳ ಜೊತೆಗೆ ನಿಕಲ್. ಆಮದು ಮಾಲಿನ ಮೇಲೆ ಕಾಣುವ 4340 ಹೆಚ್ಚುಕಡಿಮೆ ಈ ಇಎನ್ 24ರ ಜಾತಿಯದೇ.

ಮೋಸ ಹೋಗುವುದು ಮೇಲ್ಮೈಯ ವಿಷಯದಲ್ಲಿ. ಕ್ರ್ಯಾಂಕನ್ನು ಗಟ್ಟಿಮಾಡಲು ಮುಖ್ಯವಾಗಿ ಎರಡು ದಾರಿ. ವಿದ್ಯುತ್ತಿನಿಂದ ಜರ್ನಲ್ಲನ್ನು ಚುರುಕಾಗಿ ಕಾಯಿಸಿ ತಣಿಸುವ ಇಂಡಕ್ಷನ್ ವಿಧಾನದಲ್ಲಿ ಗಟ್ಟಿ ಪದರ ಕೆಲವು ಮಿಲಿಮೀಟರ್ ಆಳಕ್ಕೆ ಹೋಗುತ್ತದೆ. ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿಗೆ ಸಾರಜನಕ ಉಣಿಸುವ ನೈಟ್ರೈಡಿಂಗ್‌ನಲ್ಲಿ ಪದರ ತೆಳು, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಒಳಗೆ. ಆದರೆ ಅದು ಮೂಲೆಯನ್ನೂ ಬಿಡದೆ ಇಡೀ ಮೈಯನ್ನು ಆವರಿಸಿ ಬಿರುಕನ್ನು ತಡೆಯುತ್ತದೆ. ಈಗ ಬೇರಿಂಗ್ ಹಿಡಿದು ಗೀರು ಬಿತ್ತು, ಲೇತ್ ಅಂಗಡಿಯಲ್ಲಿ 1 ಮಿಲಿಮೀಟರ್ ಅಂಡರ್‌ಸೈಜಿಗೆ ಗ್ರೈಂಡ್ ಮಾಡಿಸಿದಿರಿ ಎನ್ನಿ. ಮೈಯಿಂದ ಸುತ್ತಲೂ ಅರ್ಧ ಮಿಲಿಮೀಟರ್ ಹೋಯಿತು. 65 ಮಿಲಿಮೀಟರ್ ಜರ್ನಲ್ 64 ಆದದ್ದರಿಂದ ಬಾಗುವ ಒತ್ತಡ ಹೆಚ್ಚುವುದು ಶೇ. 5ರಷ್ಟು ಮಾತ್ರ. ನಿಜವಾದ ನಷ್ಟ ನೈಟ್ರೈಡ್ ಪದರ ಪೂರ್ತಿ ಅಳಿದದ್ದು. ಗ್ರೈಂಡಿಂಗ್ ಕಲ್ಲಿನ ಅಂಚು ಚೂಪಾಗಿದ್ದರೆ ಮೂಲೆಯ ದುಂಡೂ ಅಷ್ಟಕ್ಕೇ ಮುಗಿಯಿತು. ನೋಡಲು ಕನ್ನಡಿಯಂತೆ ಹೊಳೆಯುವ ಇಂಥ ಕ್ರ್ಯಾಂಕ್ ಕಂಪನಿ ಶಕ್ತಿಗೂ ಅನುಮಾನ. ಪಂಪ್ ಏರಿಸಿದ ಇಂಜಿನ್ನಿಗೆ ಖಂಡಿತ ಬೇಡ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಯೆಜ್ಡಿ ಬೈಕುಗಳು ಈ ಊರುಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳ ಕ್ರ್ಯಾಂಕ್ ಬೇರೆ ಬಗೆಯದು, ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿದ್ದು. ಅಲ್ಲಿ ಶಕ್ತಿ ಏರಿಸಿದರೆ ಪಿನ್ ತನ್ನ ತೂತಿನಲ್ಲೇ ಜರುಗುವ ಭಯ. ಪಿನ್ನಿನ ತುದಿಗೆ ವೆಲ್ಡ್ ಹಾಕುವವರಿದ್ದಾರೆ. ಜರುಗುವುದು ನಿಲ್ಲಬಹುದು, ಆದರೆ ಬಿಸಿಗೆ ಪಿನ್ನಿನ ಗಟ್ಟಿತನ ಇಳಿಯಬಹುದು, ಮತ್ತೆ ಬಿಚ್ಚುವುದೂ ಕಷ್ಟ. ಸರಿಯಾದ ಬಿಗಿಯ ಹೊಸ ಪಿನ್ ಹಾಕಿಸುವುದೇ ಮೇಲು.

ಎಷ್ಟು ಒಳ್ಳೆಯ ಕ್ರ್ಯಾಂಕ್ ತಂದರೂ ಜೋಡಣೆ ಕೆಟ್ಟರೆ ಅದು ಉಳಿಯದು. ಜರ್ನಲ್ಲಿಗೂ ಬೇರಿಂಗಿಗೂ ನಡುವಿನ ಸಂದು ವ್ಯಾಸದ ಸಾವಿರದ ಒಂದು ಭಾಗದ ಆಸುಪಾಸು, ಅಂದರೆ 65 ಮಿಲಿಮೀಟರಿಗೆ 0.065. ಅಷ್ಟು ತೆಳುವಾದ ಎಣ್ಣೆಯ ಪೊರೆಯ ಮೇಲೆ ಹತ್ತು ಟನ್ ಏಟು ಬೀಳುತ್ತಿರುತ್ತದೆ. ಆದ್ದರಿಂದ ಹೊಸ ಕ್ರ್ಯಾಂಕನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಇಂಜಿನ್ನಿಗೆ ಕೂರಿಸಬೇಡಿ. ಪ್ರತಿ ಜರ್ನಲ್ಲನ್ನೂ ಮೈಕ್ರೋಮೀಟರಿನಲ್ಲಿ ಅಳೆಸಿ. ಎಣ್ಣೆ ರಂಧ್ರಗಳಲ್ಲಿ ಕಬ್ಬಿಣದ ಪುಡಿ ಉಳಿಯದಂತೆ ತೊಳೆಸಿ. ಫ್ಲೈವೀಲ್ ಸಮೇತ ಬ್ಯಾಲೆನ್ಸ್ ಮಾಡಿಸಿ. ಹಳೆಯದನ್ನೇ ಮತ್ತೆ ಹಾಕುವುದಾದರೆ ಮ್ಯಾಗ್ನೆಟ್ ಹಿಡಿದು ಬಿರುಕು ಹುಡುಕುವ ಪರೀಕ್ಷೆ ಮಾಡಿಸದೆ ಹಾಕಬೇಡಿ. ಹೊಸದನ್ನು ಕೊಳ್ಳುವಾಗ ಉಕ್ಕಿನ ದರ್ಜೆ ಮತ್ತು ಗಟ್ಟಿಮಾಡಿದ ವಿಧಾನವನ್ನು ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪುವ ಅಂಗಡಿಯಲ್ಲೇ ಕೊಳ್ಳಿ.