ಆನೆಯ ಗುಟ್ಟು ಲದ್ದಿಯಲ್ಲಿದೆ

2022ರ ಸೆಪ್ಟೆಂಬರ್ 13ರ ರಾತ್ರಿ. ದಸರಾಕ್ಕೆ ಅಂತ ಮೈಸೂರು ಅರಮನೆಗೆ ಬಂದಿದ್ದ ಲಕ್ಷ್ಮಿ ಆನೆ ಅಲ್ಲೇ ಗಂಡು ಮರಿ ಹಾಕಿತು. ಟೀವಿಯಲ್ಲೆಲ್ಲ ಖುಷಿಯೋ ಖುಷಿ. ಆದರೆ ತುಂಬು ಬಸುರಿ ಆನೆ ಮೆರವಣಿಗೆಯ ತಂಡಕ್ಕೆ ಸೇರಿದ್ದಾದರೂ ಹೇಗೆ?

ನೋಡಿ, ಆನೆಯ ಗರ್ಭ ಸುಮಾರು 22 ತಿಂಗಳು. ಆ ಹೊಟ್ಟೆಯನ್ನ ಬರೀ ಕಣ್ಣಲ್ಲಿ ನೋಡಿ ಬಸಿರು ಹೌದೋ ಅಲ್ಲವೋ ಹೇಳೋದು ಕಷ್ಟ. ಸುಲಭದ ದಾರಿ ಮಾವುತರು ದಿನಾ ಗುಡಿಸಿ ಹಾಕೋ ಲದ್ದಿಯಲ್ಲಿದೆ. ಗರ್ಭದ ಹಾರ್ಮೋನು, ಒತ್ತಡದ ಹಾರ್ಮೋನು ಎರಡೂ ದೇಹದಲ್ಲಿ ಕರಗಿ, ಗುರುತು ಬಿಟ್ಟು ಲದ್ದಿಯಲ್ಲಿ ಹೊರಬರುತ್ತವೆ.

ರಕ್ತ ತೆಗೆದರೆ ಆಗಲ್ವಾ? ಗರ್ಭ ತಿಳಿಯೋಕೆ ಆಗುತ್ತೆ. ಒತ್ತಡ ಅಳೆಯೋಕೆ ತೊಡಕು. ನಾನು ಓದಿದ್ದು ಇಂಜಿನಿಯರಿಂಗ್. ಅಳೆಯೋಕೆ ಅಂತ ಮೀಟರ್ ಹಚ್ಚಿದರೆ ಸರ್ಕ್ಯೂಟೇ ಒಂಚೂರು ಬದಲಾಗುತ್ತೆ ಅನ್ನೋದು ಲ್ಯಾಬಿನ ಮೊದಲ ಪಾಠ. ಆನೆಯೂ ಹಾಗೇ. ಸೂಜಿ ಹಿಡಿದು ಹತ್ತಿರ ಹೋದರೆ ಗಾಬರಿಗೇ ಹಾರ್ಮೋನು ಏರುತ್ತೆ. ಆಗ ನೀವು ಅಳೆದದ್ದು ಆನೆಯ ಬದುಕಿನ ಒತ್ತಡ ಅಲ್ಲ, ನಿಮ್ಮ ಸೂಜಿಯ ಭಯ! ತಿಂದದ್ದು ಲದ್ದಿಯಾಗಿ ಬರೋಕೆ ಒಂದೆರಡು ದಿನ ಬೇಕು. ಹಾಗಾಗಿ ಅದರಲ್ಲಿ ಸಿಗೋದು ಅಷ್ಟೂ ಹೊತ್ತಿನ ಸರಾಸರಿ. ಆನೆಯನ್ನ ಮುಟ್ಟೋದೂ ಬೇಡ.

ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮಾಡಿದ್ದು ಇದನ್ನೇ. ಮೈಸೂರು ಮೃಗಾಲಯ, ಮೈಸೂರು ದಸರಾ, ಮುದುಮಲೈ ಶಿಬಿರ ಸೇರಿ ನಾಲ್ಕು ಕಡೆಯ 37 ಆನೆಗಳ 870 ಲದ್ದಿ ಮಾದರಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಉತ್ಸವ, ಮೆರವಣಿಗೆ ಆನೆಗಳಿಗೆ ಒತ್ತಡ ತರುತ್ತೆ ಅನ್ನೋದು ಅದರಲ್ಲಿ ಅಂಕಿಯಾಗಿ ಬಂತು.

ಮೃಗಾಲಯ ಅಂದರೆ ಆನೆಗೆ ಸೆರೆಮನೆ ಅನ್ನೋರಿದ್ದಾರೆ. ಆ ಮಾತಲ್ಲಿ ಹುರುಳಿದೆ. ಆನೆಗಳನ್ನ ಮೃಗಾಲಯಗಳಿಂದ ಶಿಬಿರಗಳಿಗೆ ಸಾಗಿಸಿ ಅಂತ 2009ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವೇ ಹೇಳಿತ್ತು. ಆದರೆ 1892ರಲ್ಲಿ ಶುರುವಾದ ನಮ್ಮ ಮೈಸೂರು ಮೃಗಾಲಯದಂಥ ಕಡೆ ಪ್ರತಿ ಆನೆಯ ವಯಸ್ಸು, ಮೇವು, ಕಾಯಿಲೆ ದಾಖಲೆಯಲ್ಲಿರುತ್ತೆ. ಯಾವ ಆನೆಯ ಲದ್ದಿ ಅನ್ನೋದರಲ್ಲಿ ಅನುಮಾನ ಇಲ್ಲ. ಕಾಡಲ್ಲಿ ಬಿದ್ದ ಲದ್ದಿಯನ್ನ ಓದಬೇಕಾದರೆ ಇಂಥ ಅಳತೆಗೋಲು ಬೇಕು.

ಕಾಡಿನ ಲದ್ದಿ ಹೇಳಿದ ಕಥೆಯಂತೂ ನಮ್ಮ ಊಹೆಗೆ ಉಲ್ಟಾ. ಅದೇ 2019ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಕಾಡಾನೆಗಳ ಲದ್ದಿ ಪರೀಕ್ಷಿಸಿತು. ಪಟಾಕಿ, ಕೂಗಾಟದ ನಡುವೆ ಬೆಳೆಗೆ ನುಗ್ಗುವ ಆನೆಗಳಿಗೆ ಒತ್ತಡ ಜಾಸ್ತಿ ಇರಬೇಕಲ್ಲವೇ? ಕಡಿಮೆ ಇತ್ತು! ರೈತರ ಬೆಳೆಯಲ್ಲಿ ಸಿಗೋ ಪುಷ್ಟಿ ಅದಕ್ಕೆ ಕಾರಣ ಇರಬಹುದು ಅಂತಾರೆ ವಿಜ್ಞಾನಿಗಳು. ಅಂಥ ಊಟ ಬಿಟ್ಟು ಬರೀ ಪಟಾಕಿಗೆ ಹೆದರಿ ಆನೆ ವಾಪಸ್ ಹೋಗುತ್ತಾ? ನನಗಂತೂ ಅನುಮಾನ.

ಮತ್ತೆ ಅರಮನೆಗೆ ಬರೋಣ. ಪ್ರತಿ ವರ್ಷ ದಸರಾ ಆನೆಗಳನ್ನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕ್ತಾರೆ, ನಾವು ಮೈಕ್ ಹಿಡಿದು ಓಡ್ತೀವಿ. ಯಾವ ಆನೆ ಎಷ್ಟು ಕೆಜಿ ಅಂತ ಮಕ್ಕಳಿಗೂ ಬಾಯಿಪಾಠ. ಕುಶಾಲ ತೋಪಿನ ತಾಲೀಮಿಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅನ್ನೋ ಲದ್ದಿಯ ಲೆಕ್ಕವನ್ನೂ ಹಾಗೇ ಹೇಳಲಿ. ಅಂಕಿ ಏರಿದ ಆನೆಯನ್ನ ಆ ವರ್ಷಕ್ಕೆ ಶಿಬಿರಕ್ಕೆ ವಾಪಸ್ ಕಳಿಸಲಿ. ಅದನ್ನ ತೋರಿಸೋಕೂ ನಾವು ಮೈಕ್ ಹಿಡಿದು ಬರ್ತೀವಿ.