ಕರಿಮದ್ದಿನ ರಿವಾಲ್ವರು ಕಲಿಸಿದ ಪಾಠ

1830ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಬಾಸ್ಟನ್ ಬಂದರಿನಿಂದ ‘ಕೋರ್ವೊ’ ಎಂಬ ಹಾಯಿಹಡಗು ಕಲ್ಕತ್ತೆಗೆ ಹೊರಟಿತು. ಅದರ ಕೆಲಸಗಾರರಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದನು. ಅವನ ಹೆಸರು ಸ್ಯಾಮ್ಯುಯೆಲ್ ಕೋಲ್ಟ್. ಹಡಗಿನ ಚಕ್ರವೊಂದು ತಿರುಗಿ, ಬೇಕಾದ ಸ್ಥಾನದಲ್ಲಿ ಬಿಗಿಯಾಗಿ ನಿಲ್ಲುವುದನ್ನು ಕಂಡು, ಅದೇ ರೀತಿ ತಿರುಗಿ ನಿಲ್ಲುವ ಪಿಸ್ತೂಲಿನ ಮಾದರಿಯನ್ನು ಅವನು ಮರದಲ್ಲಿ ಕೆತ್ತಿದನೆಂಬುದು ಪ್ರಸಿದ್ಧವಾದ ಕಥೆ. 1836ರ ಫೆಬ್ರವರಿ 25ರಂದು ಅವನಿಗೆ ಅಮೆರಿಕದ ಪೇಟೆಂಟು ದೊರೆಯಿತು. ಕೋಲ್ಟನ ರಿವಾಲ್ವರು ಲೋಕಕ್ಕೆ ಪರಿಚಯವಾದದ್ದು ಹೀಗೆ.

ಅವನು ಬಂದಿಳಿದ ಕಲ್ಕತ್ತೆಯಿಂದಲೇ ಆ ಕಾಲದಲ್ಲಿ ಮತ್ತೊಂದು ಸರಕು ಹಡಗು ಹಡಗಾಗಿ ಪಶ್ಚಿಮಕ್ಕೆ ಹೋಗುತ್ತಿತ್ತು. ಅದೇ ಪೆಟ್ಲುಪ್ಪು. ಬಿಹಾರದ ಹಳ್ಳಿಗಳ ಮಣ್ಣನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಕುದಿಸಿ ಪಡೆಯುತ್ತಿದ್ದ ಈ ಉಪ್ಪಿಲ್ಲದೆ ಕೋವಿಮದ್ದಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾದಾಗ, ಉತ್ತರದ ಸರಕಾರವು ಭಾರತದ ಪೆಟ್ಲುಪ್ಪನ್ನು ಕೊಳ್ಳಲು ಲ್ಯಾಮೊ ಡ್ಯುಪಾಂಟ್ ಎಂಬುವನನ್ನು ಇಂಗ್ಲೆಂಡಿಗೆ ಕಳುಹಿಸಿತು. ಎರಡು ದೇಶಗಳ ನಡುವೆ ಮನಸ್ತಾಪವುಂಟಾಗಿ ಬ್ರಿಟಿಷರು ಆ ಸರಕನ್ನು ಕೆಲಕಾಲ ತಡೆಹಿಡಿದು, ಬಳಿಕ ಬಿಟ್ಟುಕೊಟ್ಟರು. ಕೋಲ್ಟನ ಯಂತ್ರವು ಅಮೆರಿಕದ್ದಾದರೆ, ಅದರ ಉಸಿರಿನಲ್ಲಿ ನಮ್ಮ ಮಣ್ಣಿನ ಪಾಲೂ ಇತ್ತೆಂದರೆ ತಪ್ಪಾಗದು.

ಈ ಇತಿಹಾಸವನ್ನು ಪುಸ್ತಕಗಳಲ್ಲಿ ಓದಿದ್ದ ನನಗೆ, ಅಂಥ ರಿವಾಲ್ವರನ್ನು ಒಮ್ಮೆ ಕೈಯಲ್ಲಿ ಹಿಡಿಯುವ ಅವಕಾಶವು ಬೇಸಿಗೆಯ ರಜೆಯೊಂದರಲ್ಲಿ ಒದಗಿತು. ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಭಾವನವರು ನನ್ನನ್ನು ಪಕ್ಕದ ಊರಿನ ಗುರಿಮೈದಾನಕ್ಕೆ ಕರೆದೊಯ್ದರು. ಆ ಸೀಮೆಯಲ್ಲಿ ಹಳೆಯ ಬಗೆಯ ಕೋವಿಗಳ ಮೇಲೆ ಜನರಿಗೆ ಬಹಳ ಅಭಿಮಾನ. 1933ರಲ್ಲಿ ಸ್ಥಾಪಿತವಾದ, ಬಾಯಿಯಿಂದ ಮದ್ದು ತುಂಬುವ ಕೋವಿಗಳ ರಾಷ್ಟ್ರೀಯ ಸಂಘದ ಮೈದಾನವಿರುವುದು ಅದೇ ಸಂಸ್ಥಾನದ ಫ್ರೆಂಡ್‌ಷಿಪ್ ಎಂಬ ಹಳ್ಳಿಯಲ್ಲಿ.

ನನಗೆ ಕಲಿಸಲು ಒಪ್ಪಿದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ನಾನು ಭೌತಶಾಸ್ತ್ರದ ಅಧ್ಯಾಪಕನೆಂದು ಭಾವನವರು ಹೇಳಿದಾಗ ಅವರು ನಕ್ಕು, “ಹಾಗಾದರೆ ನಿಮಗೆ ಎಲ್ಲವೂ ತಿಳಿದಿದೆ. ಇನ್ನು ನಿಮ್ಮ ಕೈಗೆ ತಿಳಿಯಬೇಕು, ಅಷ್ಟೆ” ಎಂದರು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮದ್ದಿನ ಗುಣ

ಅವರು ನನ್ನ ಮುಂದಿಟ್ಟದ್ದು ಕೋಲ್ಟನ 1851ರ ‘ನೇವಿ’ ಮಾದರಿಯ ಪ್ರತಿಕೃತಿ. ಇಂಥ ಪ್ರತಿಕೃತಿಗಳನ್ನು 1950ರ ದಶಕದ ಕೊನೆಯಿಂದ ಇಟಲಿಯಲ್ಲಿ ತಯಾರಿಸುತ್ತಿದ್ದಾರೆ. ತೂಕ ಸುಮಾರು 1.2 ಕಿಲೋಗ್ರಾಂ, ನಳಿಗೆಯ ಉದ್ದ 19 ಸೆಂಟಿಮೀಟರು. ನಳಿಗೆಯ ಹಿಂದೆ ಒಂದು ಉಕ್ಕಿನ ಉರುಳೆ. ಉರುಳೆಯಲ್ಲಿ ಆರು ಗೂಡುಗಳು. ಇಂದಿನ ತೋಟಾಗಳಂತೆ ಮದ್ದು, ಗುಂಡು, ಕೇಪುಗಳು ಇಲ್ಲಿ ಒಂದೇ ಕೊಳವೆಯಲ್ಲಿ ಅಡಕವಾಗಿಲ್ಲ. ಪ್ರತಿಯೊಂದು ಗೂಡಿಗೂ ಮೂರನ್ನೂ ಬೇರೆ ಬೇರೆಯಾಗಿ ತುಂಬಬೇಕು. ನಮ್ಮ ಮಲೆನಾಡಿನ ಹಿರಿಯರು ಕೇಪಿನ ಕೋವಿ ಎಂದು ಕರೆಯುವ ಆಯುಧದ ಹತ್ತಿರದ ಬಂಧು ಇದು.

ಕರಿಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವೆಂಬುದು ವಾಚಕರಿಗೆ ತಿಳಿದಿರಬಹುದು. ಇದ್ದಿಲು ಉರಿಯಬೇಕಾದರೆ ಆಮ್ಲಜನಕ ಬೇಕು. ಒಲೆಯಲ್ಲಿ ಅದು ಗಾಳಿಯಿಂದ ದೊರೆಯುತ್ತದೆ. ಮುಚ್ಚಿದ ಗೂಡಿನಲ್ಲಿ ಗಾಳಿಯೆಲ್ಲಿ? ಅಲ್ಲಿ ಆಮ್ಲಜನಕವನ್ನು ಒದಗಿಸುವುದು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಗಂಧಕವು ಬೇಗನೆ ಹೊತ್ತಿಕೊಂಡು ಉರಿಯನ್ನು ಹರಡುತ್ತದೆ.

ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಕರಿಮದ್ದು ಉರಿದಾಗ ಅದೆಲ್ಲವೂ ಅನಿಲವಾಗುವುದಿಲ್ಲ. 1870ರ ದಶಕದಲ್ಲಿ ಏಬೆಲ್ ಮತ್ತು ನೋಬಲ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಬಲವಾದ ಉಕ್ಕಿನ ಪಾತ್ರೆಗಳೊಳಗೆ ಮದ್ದನ್ನು ಉರಿಸಿ ಪರೀಕ್ಷಿಸಿದರು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಪೊಟ್ಯಾಸಿಯಂ ಲವಣಗಳ ರೂಪದಲ್ಲಿ ಘನವಸ್ತುವಾಗಿ ಉಳಿಯುತ್ತದೆಂದು ಅವರು ಕಂಡರು. ಹೊಗೆ, ಮಸಿ, ತುಕ್ಕು ಮೊದಲಾಗಿ ಈ ಆಯುಧಕ್ಕೆ ಅಂಟಿಕೊಂಡ ತೊಂದರೆಗಳೆಲ್ಲ ಆ ಭಾಗದಿಂದಲೇ ಹುಟ್ಟುತ್ತವೆ.

ತುಂಬುವ ಕ್ರಮ

ಹಿರಿಯರು ಮೊದಲು ನನ್ನ ಕೈಗೆ ಮದ್ದನ್ನು ಕೊಡಲೇ ಇಲ್ಲ. ಬರಿದಾದ ಗೂಡುಗಳ ಹಿಂದಿನ ಮೊನೆಗಳಿಗೆ ಕೇಪುಗಳನ್ನು ಮಾತ್ರ ಸಿಕ್ಕಿಸಿ, ನಳಿಗೆಯ ತುದಿಯನ್ನು ಹುಲ್ಲಿನ ಎಸಳೊಂದರ ಹತ್ತಿರ ಹಿಡಿದು ಕುದುರೆಯನ್ನು ಒತ್ತಲು ಹೇಳಿದರು. ಎಸಳು ಅಲುಗಿತು. ಮೊನೆಯ ತೂತಿನಲ್ಲಿ ಎಣ್ಣೆಯಾಗಲಿ ಕಸವಾಗಲಿ ಇಲ್ಲವೆಂಬುದಕ್ಕೆ ಇದೇ ಸಾಕ್ಷಿ. ಎಷ್ಟು ಸರಳವಾದ ಪ್ರಯೋಗ! ನನ್ನ ಪ್ರಯೋಗಶಾಲೆಯ ವಿದ್ಯಾರ್ಥಿಗಳು ಇದನ್ನು ನೋಡಬೇಕಾಗಿತ್ತು ಎನಿಸಿತು.

ಅನಂತರ ಸುತ್ತಿಗೆಯನ್ನು ಅರ್ಧ ಎಳೆದು ನಿಲ್ಲಿಸಿ, ಉರುಳೆಯನ್ನು ತಿರುಗಿಸುತ್ತ ಐದು ಗೂಡುಗಳನ್ನು ಮಾತ್ರ ತುಂಬಿದೆವು. ಸುತ್ತಿಗೆಯು ಒರಗುವ ಆರನೆಯ ಗೂಡು ಬರಿದಾಗಿರಬೇಕೆಂಬುದು ನಿಯಮ. ಪ್ರತಿ ಗೂಡಿಗೂ ಸುಮಾರು 1.3 ಗ್ರಾಂ ಮದ್ದು. ಅದರ ಮೇಲೆ ಜೇನುಮೇಣ ಹಚ್ಚಿದ ಉಣ್ಣೆಯ ಬಿಲ್ಲೆ. ಅದರ ಮೇಲೆ ಮೆತ್ತನೆಯ ಸೀಸದ ಗುಂಡು.

ಗುಂಡು ಗೂಡಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದು! ಮೊದಲು ಇದು ತಪ್ಪೆಂದು ನಾನು ಭಾವಿಸಿದೆ. ನಳಿಗೆಯ ಕೆಳಗಿರುವ ಸನ್ನೆಯನ್ನು ಎಳೆದು ಒತ್ತಿದಾಗ ಗುಂಡು ಒಳಕ್ಕೆ ಜಾರಿತು. ಬಾಯಿಯ ಅಂಚಿನಲ್ಲಿ ಸೀಸದ ತೆಳುವಾದ ಉಂಗುರವೊಂದು ಕತ್ತರಿಸಿ ಉಳಿಯಿತು. ಆ ಉಂಗುರವು ಶುಭಸೂಚನೆ. ಗುಂಡು ಗೂಡನ್ನು ಸುತ್ತಲೂ ಬಿಗಿಯಾಗಿ ಮುಚ್ಚಿದೆಯೆಂದು ಅದು ಹೇಳುತ್ತದೆ. ಮುಚ್ಚದಿದ್ದರೆ ಏನಾಗುತ್ತದೆ? ಒಂದು ಗೂಡಿನ ಬೆಂಕಿಯು ಪಕ್ಕದ ಗೂಡುಗಳಿಗೂ ದಾಟಿ, ನಳಿಗೆಯ ಎದುರಿಗಿಲ್ಲದ ಗುಂಡುಗಳೂ ಒಟ್ಟಿಗೆ ಸಿಡಿಯಬಹುದು. ಹಿಂದುಗಡೆ ಸಡಿಲವಾಗಿ ಕುಳಿತ ಕೇಪಿನ ಮೂಲಕವೂ ಈ ಅನಾಹುತವು ಸಂಭವಿಸಬಲ್ಲುದು. ಮೇಣದ ಬಿಲ್ಲೆ, ಬಿಗಿಯಾದ ಗುಂಡು, ಸರಿಯಾದ ಅಳತೆಯ ಕೇಪು, ಈ ಮೂರೂ ಇದಕ್ಕೆ ಕಾವಲು.

ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕುಳಿತಿರಬೇಕು. ನಡುವೆ ತೆರಪಿದ್ದರೆ ಒತ್ತಡವು ಅಡ್ಡಾದಿಡ್ಡಿಯಾಗಿ ಏರಿ ಲೋಹವು ಉಬ್ಬುವ ಅಥವಾ ಒಡೆಯುವ ಅಪಾಯವುಂಟು. 1847ರಲ್ಲಿ ಕೋಲ್ಟನು ತಯಾರಿಸಿದ ‘ವಾಕರ್’ ಎಂಬ ಭಾರಿ ರಿವಾಲ್ವರುಗಳಲ್ಲಿ ಹಲವಾರರ ಉರುಳೆಗಳು ಬಳಕೆಯಲ್ಲಿ ಒಡೆದುಹೋದವು. ಅವುಗಳ ಗೂಡುಗಳು ವಿಪರೀತ ದೊಡ್ಡವು. ಆ ಕಾಲದ ಲೋಹವೋ ದುರ್ಬಲ.

ಹಿರಿಯರು ಅತ್ಯಂತ ಗಂಭೀರವಾಗಿ ಹೇಳಿದ ಮಾತೊಂದಿದೆ. ಇಂಥ ಆಯುಧದಲ್ಲಿ ಆಧುನಿಕವಾದ ಹೊಗೆರಹಿತ ಮದ್ದನ್ನು ಎಂದಿಗೂ ತುಂಬಕೂಡದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಕಂಡುಹಿಡಿದ ಆ ಮದ್ದಿನ ಸ್ವಭಾವವೇ ಬೇರೆ. ಒತ್ತಡ ಹೆಚ್ಚಿದಂತೆ ಅದು ಉರಿಯುವ ವೇಗವೂ ಬಹಳ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಒತ್ತಡ ಮತ್ತಷ್ಟು ಏರುತ್ತದೆ. ಕರಿಮದ್ದಿನಲ್ಲಿ ಈ ಪ್ರವೃತ್ತಿಯು ಸೌಮ್ಯ. ಹೆಸರಿನಲ್ಲಿ ಎರಡೂ ಮದ್ದೇ. ಹೆಸರನ್ನು ನಂಬಿದವನು ಬೆರಳುಗಳನ್ನು ಕಳೆದುಕೊಳ್ಳುತ್ತಾನೆ.

ಕೊನೆಯದು ಕೇಪು. ಬಾತುಕೋಳಿಗಳನ್ನು ಬೇಟೆಯಾಡುತ್ತಿದ್ದ ಅಲೆಕ್ಸಾಂಡರ್ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಚಕಮಕಿ ಕೋವಿಯ ಕಿಡಿಯನ್ನು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಬೇಸತ್ತು, ಪೆಟ್ಟಿಗೆ ಸಿಡಿಯುವ ಫಲ್ಮಿನೇಟ್ ಲವಣಗಳನ್ನು ಬಳಸುವ ಉಪಾಯವನ್ನು ಹೂಡಿದನು. ಅದಕ್ಕೆ 1807ರಲ್ಲಿ ಪೇಟೆಂಟು ಪಡೆದನು. ತಾಮ್ರದ ಪುಟ್ಟ ಟೋಪಿಯಂತಿರುವ ಕೇಪು ಬಂದದ್ದು ಅನಂತರ. ಕೇಪನ್ನು ಸಿಕ್ಕಿಸುವುದು ಎಲ್ಲಕ್ಕಿಂತ ಕೊನೆಗೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದುಕೊಂಡು.

ಸಹಸ್ರಾಂಶ ಸೆಕೆಂಡಿನ ಕಥೆ

ಗುರಿಹಲಗೆಯು 25 ಮೀಟರು ದೂರದಲ್ಲಿತ್ತು. ಸುತ್ತಿಗೆಯನ್ನು ಪೂರ್ತಿಯಾಗಿ ಎಳೆದಾಗ ಉರುಳೆಯು ತಿರುಗಿ, ಗೂಡು ನಳಿಗೆಯ ನೇರಕ್ಕೆ ಬಂದು ಬಿಗಿಯಾಗಿ ನಿಂತಿತು. ಸುತ್ತಿಗೆಯ ತಲೆಯಲ್ಲಿರುವ ಸಣ್ಣ ಕಚ್ಚೇ ಹಿಂದಿನ ಗುರಿಗಣ್ಣು. ಕುದುರೆಯನ್ನು ಒತ್ತಿದೆ. ಗುಡುಗಿನಂಥ ಶಬ್ದ, ಎದುರಿಗೆ ಬಿಳಿಯ ಮೋಡ, ಕೊಳೆತ ಮೊಟ್ಟೆಯ ವಾಸನೆ. ಗುರಿಹಲಗೆಯೇ ಕಾಣದಾಯಿತು.

ಹೊಗೆ ಕರಗುವಷ್ಟರಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಗುಂಡಿನ ತೂಕ ಸುಮಾರು 5 ಗ್ರಾಂ. ಅದು ಸೆಕೆಂಡಿಗೆ ಸುಮಾರು 260 ಮೀಟರು ವೇಗದಲ್ಲಿ ಹೊರಬೀಳುತ್ತದೆ. ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ವೇಗೋತ್ಕರ್ಷವು ಸಮನಾಗಿದೆಯೆಂದು ಭಾವಿಸಿದರೆ, 19 ಸೆಂಟಿಮೀಟರು ನಳಿಗೆಯನ್ನು ದಾಟಲು ಅದಕ್ಕೆ ಸುಮಾರು ಒಂದೂವರೆ ಸಹಸ್ರಾಂಶ ಸೆಕೆಂಡು ಸಾಕು. ಆ ಅವಧಿಯಲ್ಲಿ ಅದರ ವೇಗೋತ್ಕರ್ಷವು ಭೂಗುರುತ್ವದ ಸುಮಾರು 18,000 ಪಟ್ಟು. ಗುಂಡಿನ ಚಲನಶಕ್ತಿಯು ಸುಮಾರು 170 ಜೌಲು. ಮದ್ದಿನಲ್ಲಿ ಅಡಗಿದ್ದ ಶಕ್ತಿಯು ಸುಮಾರು 4,000 ಜೌಲು. ನೂರಕ್ಕೆ ಐದು ಭಾಗವೂ ಗುಂಡಿಗೆ ದಕ್ಕಲಿಲ್ಲ. ಉಳಿದುದೆಲ್ಲ ಶಾಖ, ಶಬ್ದ, ಹೊಗೆಗಳ ಪಾಲಾಯಿತು.

ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಕಬ್ಬಿಣದ ಕೊಳವೆಯ ರಾಕೆಟ್ಟುಗಳಲ್ಲಿ ಉರಿದದ್ದೂ ಇದೇ ಕರಿಮದ್ದು. ಅಲ್ಲಿ ಅನಿಲವು ಹಿಂದಕ್ಕೆ ನುಗ್ಗಿ ಕೊಳವೆಯು ಮುಂದಕ್ಕೆ ಹಾರಿತು. ಇಲ್ಲಿ ಗುಂಡು ಮುಂದಕ್ಕೆ ಹಾರಿ ಕೊಳವೆಯು ಕೈಯನ್ನು ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮವು ಎರಡಕ್ಕೂ ಒಂದೇ. ಆದರೆ ರಿವಾಲ್ವರು ಗುಂಡಿಗಿಂತ 240 ಪಟ್ಟು ಭಾರ. ಆದುದರಿಂದ ಗುಂಡು ಹೊರಬೀಳುವ ಹೊತ್ತಿಗೆ ಅದು ಹಿಂದೆ ಸರಿದಿರುವುದು ಹೆಚ್ಚೆಂದರೆ ಒಂದು ಮಿಲಿಮೀಟರು.

ಹೊಗೆ ಚದುರಿತು. ಹಲಗೆಯ ನಡುವೆ ತೂತಿರಲಿಲ್ಲ; ಬಹಳ ಕೆಳಗೆ, ಎಡಕ್ಕೆ, ಒಂದಿತ್ತು. ಇದು ವಿಚಿತ್ರ. ಏಕೆಂದರೆ ಈ ಮಾದರಿಯ ರಿವಾಲ್ವರಿನ ಗುರಿಗಣ್ಣುಗಳು ಹೆಚ್ಚಿನ ದೂರಕ್ಕೆಂದು ಹೊಂದಿಸಿದವು. ಹತ್ತಿರದ ಹಲಗೆಯಲ್ಲಿ ಗುಂಡು ಮೇಲಕ್ಕೆ ಬೀಳಬೇಕು. 25 ಮೀಟರನ್ನು ಕ್ರಮಿಸುವ ಹತ್ತನೆಯ ಒಂದು ಸೆಕೆಂಡಿನಲ್ಲಿ ಗುರುತ್ವವು ಗುಂಡನ್ನು ಇಳಿಸುವುದು 5 ಸೆಂಟಿಮೀಟರು ಮಾತ್ರ. ನಾನು ಬೇಗ ಬೇಗನೆ ಕಾರಣಗಳನ್ನು ಹುಡುಕಿದೆ. ಒದೆತದಿಂದ ಕೈ ಅಲುಗಿತೆಂದೆ. ಗುಂಡಿನ ಆಕಾರ ಸರಿಯಿಲ್ಲವೆಂದೆ. ಹಿರಿಯರು ಏನೂ ಹೇಳದೆ ರಿವಾಲ್ವರನ್ನು ತೆಗೆದುಕೊಂಡು, ನನಗೆ ಬೆನ್ನು ಮಾಡಿ ಮತ್ತೆ ತುಂಬಿ ಕೊಟ್ಟರು.

ಎರಡು ಗುಂಡುಗಳು ಹಾರಿದವು. ಮೂರನೆಯ ಸಲ ಕುದುರೆಯನ್ನು ಒತ್ತಿದಾಗ ‘ಟಕ್’ ಎಂಬ ಶಬ್ದ ಮಾತ್ರ ಬಂದಿತು. ಆ ಗೂಡಿಗೆ ಅವರು ಕೇಪನ್ನೇ ಇಟ್ಟಿರಲಿಲ್ಲ. ಮದ್ದು ಸಿಡಿಯಲಿಲ್ಲ, ಒದೆತವಿರಲಿಲ್ಲ. ಆದರೂ ನನ್ನ ಕೈ ರಿವಾಲ್ವರಿನ ಮೂತಿಯನ್ನು ನೆಲದ ಕಡೆಗೆ ಎಳೆದು ತಗ್ಗಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಭಾವನವರು ನಗು ತಡೆಯಲಾರದೆ ಮುಖ ತಿರುಗಿಸಿದರು.

ಲೆಕ್ಕವು ಆಗ ಸ್ಪಷ್ಟವಾಯಿತು. ಶಬ್ದವನ್ನು ಕೇಳಿ ಮನುಷ್ಯನ ಕೈ ಅಲುಗಲು ಸುಮಾರು ಐದನೆಯ ಒಂದು ಸೆಕೆಂಡು ಬೇಕು. ಗುಂಡು ನಳಿಗೆಯಲ್ಲಿರುವುದು ಅದರ ನೂರನೆಯ ಒಂದು ಭಾಗದಷ್ಟು ಕಾಲವೂ ಇಲ್ಲ. ಹೀಗಿರುವಲ್ಲಿ ಸಿಡಿತಕ್ಕೆ ಬೆಚ್ಚಿ ಯಾರೂ ಗುರಿ ತಪ್ಪಲಾರರು. ಬೆಚ್ಚುವಷ್ಟರಲ್ಲಿ ಗುಂಡು ಹಲಗೆಯನ್ನೇ ಮುಟ್ಟಿರುತ್ತದೆ. ನನ್ನ ಗುರಿಯನ್ನು ಕೆಡಿಸಿದ್ದು ಇನ್ನೂ ಆಗಿರದ ಸಿಡಿತದ ಭಯ. ಕೈಗೆ ತಿಳಿಯಬೇಕೆಂದು ಹಿರಿಯರು ಹೇಳಿದ್ದು ಇದನ್ನೇ.

ಆ ಬಳಿಕ ಅವರು ಯಾವ ಗೂಡಿಗೆ ಕೇಪಿದೆ, ಯಾವುದಕ್ಕಿಲ್ಲ ಎಂಬುದನ್ನು ತಿಳಿಸದೆ ಅನೇಕ ಸಲ ತುಂಬಿ ಕೊಟ್ಟರು. ಕುದುರೆಯನ್ನು ನಿಧಾನವಾಗಿ ಒತ್ತುತ್ತ, ಸಿಡಿಯುವ ಕ್ಷಣವನ್ನು ಊಹಿಸುವ ಗೋಜಿಗೆ ಹೋಗದೆ, ಮುಂದಿನ ಗುರಿಗಣ್ಣನ್ನಷ್ಟೇ ನೋಡುವುದನ್ನು ಕಲಿತೆ. ಒಮ್ಮೆ ಕೇಪು ಸಿಡಿದರೂ ಮದ್ದು ಹೊತ್ತಲಿಲ್ಲ. ಮದ್ದಿನೊಳಗೆ ಕಿಡಿಯೊಂದು ಉಳಿದಿರಬಹುದಾದ್ದರಿಂದ, ಮೂತಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿಸಿದರು. ಅಷ್ಟು ದೀರ್ಘವಾದ ನಿಮಿಷವನ್ನು ನಾನು ಕಂಡಿಲ್ಲ. ಸಂಜೆಯ ಹೊತ್ತಿಗೆ ತೂತುಗಳು ಹಲಗೆಯ ನಡುವಿಗಿಂತ ಸ್ವಲ್ಪ ಮೇಲೆ, ಅಂಗೈಯಗಲದ ಜಾಗದಲ್ಲಿ ಗುಂಪುಗೂಡಿದ್ದವು. ಭೌತಶಾಸ್ತ್ರವು ಹೇಳಿದ್ದ ಜಾಗ ಅದೇ.

ಬಿಸಿನೀರಿನ ಕೆಲಸ

ಪಾಠವು ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಹೊರಡುವ ಮುನ್ನ ರಿವಾಲ್ವರನ್ನು ಬಿಚ್ಚಿ, ಬಿಸಿನೀರಿನಲ್ಲಿ ಸಾಬೂನು ಹಾಕಿ ತೊಳೆದೆವು. ಉಳಿದಿದ್ದ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತವೆ. ಒಂದು ರಾತ್ರಿ ಬಿಟ್ಟರೂ ತುಕ್ಕು ಕಾಣಿಸಿಕೊಳ್ಳಬಹುದು. ಅವು ನೀರಿನಲ್ಲಿ ಕರಗುವುದರಿಂದ ನೀರೇ ಮದ್ದು. ಬಿಸಿನೀರಾದರೆ ಲೋಹವೂ ಕಾದು ತೇವವು ಬೇಗನೆ ಆರುತ್ತದೆ. ಅನಂತರ ತೆಳುವಾಗಿ ಎಣ್ಣೆ ಸವರಬೇಕು. ಗುಂಡು ಹೊಡೆದದ್ದು ಎಲ್ಲ ಸೇರಿ ಕೆಲವು ಸೆಕೆಂಡು. ತೊಳೆದದ್ದು ಒಂದು ಗಂಟೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇಂಥ ರಿವಾಲ್ವರಿಗೆ 30 ನಿಮಿಷಗಳಲ್ಲಿ 13 ಗುಂಡುಗಳ ಅವಕಾಶವಿದ್ದು, ಉತ್ತಮವಾದ 10ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆತುರಗಾರನಿಗೆ ಅಲ್ಲಿ ಸ್ಥಳವಿಲ್ಲ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಮದ್ದನ್ನು ತಯಾರಿಸುವ ಸಾಹಸಕ್ಕಂತೂ ಯಾವ ವಿದ್ಯಾರ್ಥಿಯೂ ಕೈಹಾಕಕೂಡದು. ಪರಿಣತರ ಕಾರ್ಖಾನೆಗಳೇ ಅದರಿಂದ ಎಷ್ಟೋ ಸಲ ಹಾರಿಹೋಗಿವೆ.

ಆದರೆ ಹಿರಿಯರ ಪರೀಕ್ಷೆಯನ್ನು ಮಾಡಲು ರಿವಾಲ್ವರು ಬೇಕಾಗಿಲ್ಲ. ರಜೆ ಮುಗಿಸಿ ಬಂದ ಮೇಲೆ, ಲೋಲಕದ ಆವರ್ತಕಾಲವನ್ನು ಅಳೆಯುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಗಮನಿಸಿದೆ. ಗುಂಡು ನಡುಗೆರೆಯನ್ನು ಮುಟ್ಟುವ ಮುನ್ನವೇ ಅವನ ಹೆಬ್ಬೆರಳು ನಿಲ್ಲುಗಡಿಯಾರವನ್ನು ಒತ್ತಿಬಿಡುತ್ತಿತ್ತು. ನಾನು ಅವನನ್ನು ಗದರಿಸಲಿಲ್ಲ. ಗಡಿಯಾರವನ್ನು ಕೈಯಿಂದ ತೆಗೆದುಕೊಂಡು, ಮೊದಲು ಹತ್ತು ಸಲ ಸುಮ್ಮನೆ ನೋಡು ಎಂದೆ.